ಒಂದು ಪರೀಕ್ಷೆ ಮಗುವಿನ ಭಾಷೆಯನ್ನು ಅಳೆಯಲಾರದು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಎಷ್ಟೋ ಮಕ್ಕಳಿಗೆ ಕನ್ನಡ ಮನೆಮಾತಲ್ಲ. ತುಳು, ಕೊಂಕಣಿ, ಉರ್ದು ಇಲ್ಲಿ ಹಳೆಯವು, ಎನ್.ಆರ್. ಪುರದ ಕಡೆ ಕೇರಳದಿಂದ ಬಂದು ನೆಲೆಸಿದವರ ಮಲಯಾಳ ಇದೆ. ಈಚೆಗೆ ಎಸ್ಟೇಟಿನ ಲೈನ್ ಮನೆಗಳಿಗೆ ಅಸ್ಸಾಮಿಯೂ ಬಂದಿದೆ. ಶಾಲೆಯಲ್ಲಿ ಈ ಮಕ್ಕಳ ಕನ್ನಡ ತಪ್ಪಿದರೆ ‘ದಡ್ಡ’ ಎಂಬ ಹಣೆಪಟ್ಟಿ ಬೀಳುತ್ತದೆ. ಅದು ಅನ್ಯಾಯ.

ಎರಡನೆಯ ಭಾಷೆಯ ಕಲಿಕೆ ಮೆಟ್ಟಿಲು ಹತ್ತಿದಂತೆ ಸಾಗುವುದಿಲ್ಲ. ಮನೆಮಾತು, ಕಿವಿಗೆ ಬೀಳುವ ಮಾತು, ಜೊತೆಗಾರರು, ಅಂಜಿಕೆ, ಆಸೆ ಒಂದನ್ನೊಂದು ಜಗ್ಗುತ್ತ ಅದನ್ನು ದಿನವೂ ಬದಲಿಸುತ್ತವೆ. 1997ರಲ್ಲಿ ಅಮೆರಿಕದ ಭಾಷಾವಿಜ್ಞಾನಿ ಡಯಾನ್ ಲಾರ್ಸೆನ್-ಫ್ರೀಮನ್ ಭಾಷಾ ಕಲಿಕೆಯನ್ನು ಹೀಗೆ ಸದಾ ಬದಲಾಗುವ ಸಂಕೀರ್ಣ ವ್ಯವಸ್ಥೆಯಾಗಿ ನೋಡಬೇಕೆಂದು ವಾದಿಸಿದರು.

ಮಲಯಾಳದಲ್ಲಿ ಅವನು, ಅವಳು, ಅವರು ಯಾರೇ ಬಂದರೂ ಕ್ರಿಯಾಪದ ‘ವನ್ನು’ ಒಂದೇ. ಕನ್ನಡದಲ್ಲಿ ಬಂದ, ಬಂದಳು, ಬಂದರು ಎಂದು ಬೇರೆ ಬೇರೆ. ‘ಅಮ್ಮ ಬಂದ’ ಎನ್ನುವ ಮಗು ಮನೆಮಾತಿನ ಲೆಕ್ಕವನ್ನೇ ಕನ್ನಡಕ್ಕೂ ಹಚ್ಚಿರುತ್ತದೆ. ಅಸ್ಸಾಮಿಯಲ್ಲೂ ಕ್ರಿಯಾಪದಕ್ಕೆ ಗಂಡು-ಹೆಣ್ಣಿನ ಭೇದವಿಲ್ಲ.

ಮೊದಲು ಕೇಳಿದ್ದನ್ನು ಕೇಳಿದಂತೆ ‘ತಿಂದೆ’ ಎನ್ನುತ್ತಿದ್ದ ಮಗು ಕೆಲವು ತಿಂಗಳ ಮೇಲೆ ‘ತಿನ್ನಿದೆ’ ಎನ್ನಬಹುದು. ಕಲಿತದ್ದು ಮರೆತಂತೆ ಕಾಣುತ್ತದೆ. ನಿಜದಲ್ಲಿ ‘ಮಾಡಿದೆ’, ‘ನೋಡಿದೆ’, ‘ಓಡಿದೆ’ಗಳ ಹಿಂದಿನ ನಿಯಮ ಅದರ ಕೈಗೆ ಸಿಕ್ಕಿರುತ್ತದೆ, ಅದನ್ನು ಎಲ್ಲ ಕಡೆಗೂ ಹಾಕಿ ನೋಡುತ್ತಿರುತ್ತದೆ. ಕನ್ನಡದ ಮನೆಯ ಎಳೆಯರೂ ಹೀಗೇ ಮಾಡುತ್ತಾರೆ. ಒಂದೇ ಸಂಜೆ ಎರಡೂ ರೂಪ ಬಾಯಿಗೆ ಬರುವ ದಿನಗಳುಂಟು. ಆ ಓಲಾಟದ ನಡುವೆ ಪರೀಕ್ಷೆ ಬಂದರೆ ಕಲಿಕೆ ಏರಿದ್ದರೂ ಅಂಕ ಇಳಿದೀತು.

ಕಲಿಕೆಯ ಈ ಸಂಕೀರ್ಣ ವ್ಯವಸ್ಥೆಯಲ್ಲಿ ಸಣ್ಣ ಕಾರಣಕ್ಕೆ ದೊಡ್ಡ ಪರಿಣಾಮವಿದೆ. ಮಾತುಗಾರ ಗೆಳೆಯನ ಪಕ್ಕ ಕೂತರೆ ಬಾಯಿ ಬಿಟ್ಟೀತು. ತರಗತಿಯೆಲ್ಲ ಒಮ್ಮೆ ನಕ್ಕರೆ ವಾರಗಟ್ಟಲೆ ಮುಚ್ಚೀತು. ಕಾಫಿ ಕೊಯ್ಲು ಮುಗಿದು ಮನೆಯವರು ಬೇರೆ ಎಸ್ಟೇಟಿಗೆ ಹೊರಟರೆ ಜೊತೆಗಾರರೂ ಮೇಷ್ಟ್ರೂ ಒಟ್ಟಿಗೆ ತಪ್ಪುತ್ತಾರೆ.

2009ರ ಶಿಕ್ಷಣ ಹಕ್ಕು ಕಾಯ್ದೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ಹೇಳುತ್ತದೆ. ಅದರಂತೆ ಮೂರು ಕೆಲಸ ಆಗಬೇಕು:

1. ಒಂದು ದಿನದ ಅಂಕದ ಬದಲು ಮಗುವಿನ ಮಾತು-ಬರಹದ ಮಾದರಿಗಳನ್ನು ವರ್ಷವಿಡೀ ಕೂಡಿಸಿಟ್ಟು ನೋಡಬೇಕು.
2. ಮನೆಮಾತು ಆಡಿದ್ದಕ್ಕೆ ಗದರುವುದು ನಿಲ್ಲಬೇಕು.
3. ಮಗು ಶಾಲೆ ಬದಲಿಸಿದಾಗ ಟಿ.ಸಿ. ಜೊತೆಗೆ ಈ ಮಾದರಿಗಳೂ ಮುಂದಿನ ಮೇಷ್ಟ್ರ ಕೈ ಸೇರಬೇಕು.