ಒಂದೇ ಸ್ವಿಚ್ಚು, ಹಲವು ದೀಪ

ಹೊಟೇಲು ಕೆಲಸಗಾರ ಸೋದರರು ಕೂಡಿ ವಾಸಿಸುವ ಖೋಲಿಗಳಲ್ಲಿ ಪ್ರತಿರಾತ್ರಿ ಏಳುವ ಒಂದು ಜಗಳವನ್ನು ನಾವೆಲ್ಲರೂ ಬಲ್ಲೆವು. ರಾತ್ರಿಶಾಲೆಯಿಂದ ಬಂದ ಹುಡುಗನಿಗೆ ಹತ್ತೂವರೆಗೆ ದೀಪ ಬೇಕು. ಬೆಳಗಿನ ನಾಲ್ಕಕ್ಕೆ ಎದ್ದು ಇಡ್ಲಿಯ ಒಲೆ ಹಚ್ಚಬೇಕಾದವನಿಗೆ ಅದೇ ಹತ್ತೂವರೆಗೆ ಕತ್ತಲೆ ಬೇಕು. ಕೊನೆಯ ಗಿರಾಕಿಯನ್ನು ಕಳಿಸಿ ಒಂದೂವರೆಗೆ ಬರುವವನು ಚಾಪೆ ಹುಡುಕಲು ಸ್ವಿಚ್ಚು ಒತ್ತಿದರೆ ಖೋಲಿಯ ದೀಪಗಳೆಲ್ಲ ಒಮ್ಮೆಗೇ ಬೆಳಗಿ ಎಲ್ಲರ ನಿದ್ದೆ ಕೆಡುತ್ತದೆ. ಈ ಮೂವರಲ್ಲಿ ತಪ್ಪು ಯಾರದು? ಯಾರದೂ ಅಲ್ಲ. ಮೂರು ದೀಪಗಳನ್ನು ಒಂದೇ ಸ್ವಿಚ್ಚಿಗೆ ಕಟ್ಟಿದವನದು ಎಂಬುದು ನಮ್ಮ ಅಭಿಪ್ರಾಯ.

ಮುಂಬಯಿಯಲ್ಲಿ ಗಿರಣಿಗಳ ಭೋಂಗಾ ಕೂಗುತ್ತಿದ್ದ ಕಾಲದಲ್ಲಿ ಒಬ್ಬನು ಎದ್ದು ಪಾಳಿಗೆ ಹೋದರೆ, ಪಾಳಿ ಮುಗಿಸಿ ಬಂದವನು ಅದೇ ಜಾಗದಲ್ಲಿ ಮಲಗುತ್ತಿದ್ದನು. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆದರೆ ಪಾಳಿಯ ಬಾಳು ಮುಗಿಯಲಿಲ್ಲ. ಹೊಟೇಲು, ಕ್ಯಾಂಟೀನು, ಕಾವಲು ಕೆಲಸಗಳಲ್ಲಿ ಅದು ನಡೆದೇ ಇದೆ. ಬೇರೆ ಬೇರೆ ಹೊತ್ತಿಗೆ ಮಲಗುವವರಿಗೆ ಒಂದೇ ಸ್ವಿಚ್ಚು ಸಾಲದು.

ಹಲವು ದೀಪಗಳನ್ನು ಒಂದು ಸ್ವಿಚ್ಚಿಗೆ ಸೇರಿಸುವುದೇ ತಪ್ಪೆಂದು ನಾವು ಹೇಳುವುದಿಲ್ಲ. ಉದ್ದದ ಓಣಿಗೆ, ಮೆಟ್ಟಿಲಿಗೆ, ದೊಡ್ಡ ಅಡುಗೆಮನೆಗೆ ಅದು ತಕ್ಕ ಏರ್ಪಾಡು. 9 ವ್ಯಾಟಿನ ಐದು ಎಲ್‌ಇಡಿ ಬಲ್ಬುಗಳು ಸೇರಿದರೆ 45 ವ್ಯಾಟು. 230 ವೋಲ್ಟಿನಲ್ಲಿ ಇದು ಒಂದು ಆಂಪಿಯರಿನ ಐದರಲ್ಲೊಂದು ಭಾಗ ಮಾತ್ರ. ದೀಪದ ಸಾಮಾನ್ಯ ಸ್ವಿಚ್ಚು 6 ಆಂಪಿಯರಿನದು. ಆದುದರಿಂದ ಅಪಾಯವಿರುವುದು ದೀಪಗಳ ಸಂಖ್ಯೆಯಲ್ಲಲ್ಲ, ತಂತಿ ಎಳೆದ ಕ್ರಮದಲ್ಲಿ.

ಆ ಕ್ರಮವನ್ನು ನಾವು ತಿಳಿದಿರಬೇಕು. ಫೇಸ್ ತಂತಿ ಮೊದಲು ಸ್ವಿಚ್ಚಿಗೆ ಬಂದು, ಅಲ್ಲಿಂದ ಪ್ರತಿಯೊಂದು ದೀಪಕ್ಕೂ ಹೋಗಬೇಕು. ನ್ಯೂಟ್ರಲ್ ತಂತಿ ಸ್ವಿಚ್ಚನ್ನು ಮುಟ್ಟದೆ ಪ್ರತಿಯೊಂದು ದೀಪಕ್ಕೂ ನೇರವಾಗಿ ಸೇರಬೇಕು. ಇದೇ ಸಮಾಂತರ ಜೋಡಣೆ. ಇದರಲ್ಲಿ ಒಂದು ಬಲ್ಬು ಸುಟ್ಟರೂ ಉಳಿದವು ಉರಿಯುತ್ತವೆ. ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿ ಸರಣಿ ಮಾಡಿದರೆ ವೋಲ್ಟು ಹಂಚಿಹೋಗಿ ದೀಪಗಳು ಮಂಕಾಗುತ್ತವೆ ಅಥವಾ ಮಿನುಗುತ್ತವೆ; ಒಂದು ಕೆಟ್ಟರೆ ಎಲ್ಲವೂ ಆರುತ್ತವೆ. ಇನ್ನು ಸ್ವಿಚ್ಚನ್ನು ನ್ಯೂಟ್ರಲ್ ತಂತಿಗೆ ಹಾಕಿದರಂತೂ ಕೇಡು ಕಣ್ಣಿಗೆ ಕಾಣದು. ದೀಪ ಆರುತ್ತದೆ, ಹೋಲ್ಡರಿನಲ್ಲಿ ವಿದ್ಯುತ್ತು ಉಳಿದಿರುತ್ತದೆ. ಆರಿದೆಯೆಂದು ನಂಬಿ ಸ್ಟೂಲು ಹತ್ತಿದವನು ಕೆಳಗೆ ಬೀಳುತ್ತಾನೆ, ಕೆಲವೊಮ್ಮೆ ಮತ್ತೆ ಏಳುವುದಿಲ್ಲ. ತಂತಿಯನ್ನು ಹೊಸೆದು ಟೇಪು ಸುತ್ತಿ ಮಾಡಿನಲ್ಲಿ ಅಡಗಿಸಿದ ಕೂಡುಗಳು ಸಡಿಲಾಗಿ ಕಾಯುತ್ತವೆ. ಬೆಂಕಿಗೆ ಅಷ್ಟೇ ಸಾಕು. ಕೂಡುಗಳು ಪೆಟ್ಟಿಗೆಯೊಳಗೆ, ಕನೆಕ್ಟರಿನಲ್ಲಿ ಬಿಗಿಯಾಗಿರಬೇಕು. ದೀಪದ ತಂತಿಗೆ ಇಸ್ತ್ರಿಪೆಟ್ಟಿಗೆಯನ್ನಾಗಲಿ ಹೀಟರನ್ನಾಗಲಿ ಕಟ್ಟಲೇಬಾರದು.

ಇದನ್ನು ಓದಿ ಯಾರೂ ತಾವೇ ತಂತಿಗೆ ಕೈ ಹಾಕಬಾರದು. ಲೈಸೆನ್ಸುಳ್ಳ ವಯರಮನ್ನನ ಕೆಲಸವನ್ನು ಅವನೇ ಮಾಡಲಿ. ‘ಸ್ವಿಚ್ಚು ಫೇಸಿಗಿದೆಯೇ? ಕೂಡುಗಳು ಎಲ್ಲಿವೆ?’ ಎಂದು ಅವನನ್ನು ಕೇಳುವಷ್ಟು ತಿಳಿವಳಿಕೆ ನಮಗಿದ್ದರೆ ಸಾಕು.

ಖರ್ಚಿನ ಮಾತು ಬಂದೇ ಬರುತ್ತದೆ. ಒಂದು ಸ್ವಿಚ್ಚಿನ ಬೆಲೆ ಒಂದು ಊಟದ ಬೆಲೆಯನ್ನು ಮೀರದು. ಅದರ ಜೊತೆಗೆ ಕೆಲವು ಮಾರು ತಂತಿ, ಅರ್ಧ ದಿನದ ಕೂಲಿ. ಖೋಲಿಯನ್ನು ಧಣಿಯೇ ಕೊಟ್ಟಿದ್ದರೆ ಇದನ್ನು ಅವರಿಂದ ಕೇಳುವುದರಲ್ಲಿ ಸಂಕೋಚವೇಕೆ? ನಿದ್ದೆಗೆಟ್ಟ ಕೈ ಕುದಿಯುವ ಎಣ್ಣೆಯ ಬಾಣಲೆಯ ಮುಂದೆ ನಡುಗಿದರೆ ಸುಡುವುದು ನಮ್ಮ ಮೈ, ನಿಲ್ಲುವುದು ಅವರ ಕೆಲಸ. ಬಾಡಿಗೆಯ ಖೋಲಿಯಾದರೆ ಮಾಲಿಕರ ಒಪ್ಪಿಗೆ ಪಡೆದು, ಇರುವವರೆಲ್ಲ ಹಂಚಿಕೊಂಡು ಮಾಡಿಸಬಹುದು.

ಬಾಗಿಲ ಬಳಿ ಒಂದು ಸಣ್ಣ ದೀಪ, ಓದುವ ಮೂಲೆಗೆ ಒಂದು, ನಡುವೆ ಒಂದು. ಮೂರಕ್ಕೂ ಮೂರು ಸ್ವಿಚ್ಚು. ನಾವು ಕೇಳುವುದು ಇಷ್ಟೇ. ಈ ತಿಂಗಳು ಖೋಲಿಯ ಲೆಕ್ಕಕ್ಕೆ ಕುಳಿತಾಗ, ಅಕ್ಕಿ ಬೇಳೆಯ ಲೆಕ್ಕ ಮುಗಿದ ಮೇಲೆ, ಸೋದರರು ಈ ಮಾತನ್ನೂ ಎತ್ತಬೇಕೆಂದು ನಮ್ಮ ವಿನಂತಿ.