ಮನೆಗೆ ಗ್ಯಾರಂಟಿ, ಅಂಗಡಿಗೆ ಬರೆ: ಕಾಂಗ್ರೆಸ್ ಸರ್ಕಾರದ ಲೆಕ್ಕ ಎಲ್ಲಿ ತಪ್ಪಿದೆ?

ನಜರ್‌ಬಾದ್: ಮಿನಿ ವಿಧಾನಸೌಧದ ಸುತ್ತಮುತ್ತ ಟೀ ಅಂಗಡಿ, ಜೆರಾಕ್ಸ್ ಅಂಗಡಿ, ದಿನಸಿ ಅಂಗಡಿ ಇಟ್ಟುಕೊಂಡವರಿಗೆ 2025 ಸುಲಭದ ವರ್ಷ ಆಗಿಲ್ಲ. ಮುಖ್ಯಮಂತ್ರಿ ಸಿದ್ದರಾಮಯ್ಯ ನಮ್ಮ ಜಿಲ್ಲೆಯವರೇ. ಹಾಗಾಗಿ ಈ ಪ್ರಶ್ನೆ ಮೈಸೂರಿನಿಂದಲೇ ಕೇಳಬೇಕು.

ಮಾರ್ಚ್ 21ರಂದು ವಿಧಾನಸಭೆಯಲ್ಲಿ ಶಾಸಕರು, ಸಚಿವರ ಸಂಬಳ ಏರಿಸೋ ಮಸೂದೆಗಳು ಪಾಸಾದವು. ಶಾಸಕರ ಸಂಬಳ 40 ಸಾವಿರದಿಂದ 80 ಸಾವಿರ, ಮುಖ್ಯಮಂತ್ರಿ ಸಂಬಳ 75 ಸಾವಿರದಿಂದ 1.5 ಲಕ್ಷ. ಹನಿಟ್ರ್ಯಾಪ್ ಗಲಾಟೆ ನಡುವೆ ಚರ್ಚೆಯೇ ಆಗಲಿಲ್ಲ. ಗಲಾಟೆ ಮಾಡಿದ ಬಿಜೆಪಿಯವರಿಗೂ ಸಂಬಳ ಏರಿತು ಬಿಡಿ.

ಹತ್ತೇ ದಿನ ಕಳೆದು ಏಪ್ರಿಲ್ 1 ಬಂತು. ನಂದಿನಿ ಹಾಲು ಲೀಟರ್‌ಗೆ 4 ರೂಪಾಯಿ ಜಾಸ್ತಿ. ವಿದ್ಯುತ್ ಸಂಸ್ಥೆ ನೌಕರರ ಪಿಂಚಣಿ, ಗ್ರಾಚ್ಯುಟಿಗೆ ಅಂತ ಕರೆಂಟ್ ಯೂನಿಟ್‌ಗೆ 36 ಪೈಸೆ. ಡೀಸೆಲ್ ಮೇಲಿನ ಮಾರಾಟ ತೆರಿಗೆ 21.17%ಗೆ ಏರಿ, ಲೀಟರ್‌ಗೆ ಸುಮಾರು 2 ರೂಪಾಯಿ ಹೆಚ್ಚಾಯ್ತು.

ಹಾಲಿನ ದುಡ್ಡು ರೈತರಿಗೆ ಅಂತ ಸರ್ಕಾರ ಹೇಳಿತು, ಒಪ್ಪೋಣ. ಆದರೆ ದಿನಕ್ಕೆ 10 ಲೀಟರ್ ಹಾಲು ಕಾಯಿಸೋ ಟೀ ಅಂಗಡಿಗೆ ತಿಂಗಳಿಗೆ 1,200 ರೂಪಾಯಿ ಹೆಚ್ಚುವರಿ ಖರ್ಚು. ಗೃಹಲಕ್ಷ್ಮಿಯ 2,000 ರೂಪಾಯಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಇಲ್ಲೇ ಹೋಯ್ತು. ಗೃಹಜ್ಯೋತಿ ಮನೆ ಮೀಟರ್‌ಗೆ ಮಾತ್ರ, ಅಂಗಡಿ ಮೀಟರ್‌ಗೆ ಇಲ್ಲ.

ಜುಲೈನಲ್ಲಿ ಇನ್ನೊಂದು ಪೆಟ್ಟು. ಫೋನ್‌ಪೇ, ಗೂಗಲ್‌ಪೇನಲ್ಲಿ ಬಂದ ದುಡ್ಡು ನೋಡಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಹಾವೇರಿಯ ತರಕಾರಿ ವ್ಯಾಪಾರಿಗೂ ಲಕ್ಷಗಟ್ಟಲೆ ತೆರಿಗೆ ಕೇಳಿದರು. ತಾಜಾ ತರಕಾರಿಗೆ ಜಿಎಸ್‌ಟಿನೇ ಇಲ್ಲ! ಎಷ್ಟೋ ಕಡೆ ಸ್ಕ್ಯಾನರ್ ಕಿತ್ತು 'ಕ್ಯಾಶ್ ಮಾತ್ರ' ಅಂತ ಬೋರ್ಡ್ ಹಾಕಿದರು.

ಜಿಎಸ್‌ಟಿ ಕೇಂದ್ರದ್ದು ಅಂತ ಕಾಂಗ್ರೆಸ್‌ನವರು ಕೈ ತೊಳೆದುಕೊಳ್ಳೋಕೆ ನೋಡಿದರು. ಆದರೆ ನೋಟಿಸ್ ಕೊಟ್ಟಿದ್ದು ರಾಜ್ಯದ ಇಲಾಖೆ. ವ್ಯಾಪಾರಿಗಳು ಜುಲೈ 25ಕ್ಕೆ ಬಂದ್ ಅಂದಮೇಲೆ, 23ರಂದು ಮುಖ್ಯಮಂತ್ರಿ ಸಭೆ ಕರೆದು ಹಳೇ ಬಾಕಿ ವಸೂಲಿ ಮಾಡಲ್ಲ, ಮುಂದೆ ನೋಂದಣಿ ಮಾಡಿಸಿ ಅಂದರು. ಈ ಮಾತು ನೋಟಿಸ್‌ಗೆ ಮುಂಚೆ ಯಾಕೆ ಹೇಳಲಿಲ್ಲ?

ಗ್ಯಾರಂಟಿ ಬೇಡ ಅಂತ ನಾವು ಹೇಳ್ತಿಲ್ಲ. ಬಡವರ ಮನೆಗೆ ಆಸರೆಯಾಗಿದೆ. 2025-26ರ ಬಜೆಟ್‌ನಲ್ಲಿ ಅದಕ್ಕೆ 51,034 ಕೋಟಿ ಇಟ್ಟಿದ್ದರು. ಆ ಭಾರ ಯಾರು ಹೊರಬೇಕು ಅನ್ನೋದು ಸದನದಲ್ಲಿ ಚರ್ಚೆಯಾಗಬೇಕಿತ್ತು. ತಮ್ಮ ಸಂಬಳಕ್ಕೆ ಚರ್ಚೆ ಬೇಕಿರಲಿಲ್ಲ, ನಮ್ಮ ಮೇಲಿನ ಹೊರೆಗೂ ಬೇಕಾಗಲಿಲ್ಲ. ತಪ್ಪಿರೋದು ಇಲ್ಲೇ.

ಅಂಗಡಿಯವರೂ ಒಂದು ವಿಷಯ ಗಮನಿಸಿ. ಸರಕು ಮಾರಾಟ ವರ್ಷಕ್ಕೆ 40 ಲಕ್ಷ, ಸೇವೆಯಾದರೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. 1.5 ಕೋಟಿವರೆಗಿನ ಸರಕು ವ್ಯಾಪಾರಿಗಳಿಗೆ 1% ಕಟ್ಟೋ ಕಾಂಪೊಸಿಷನ್ ಸ್ಕೀಮ್ ಇದೆ. ಇದನ್ನ ಹೇಳಿಕೊಡೋಕೆ ಇಲಾಖೆಯವರು ಪ್ರತಿ ವಾರ್ಡ್‌ಗೂ ಬರಲಿ. ನೋಟಿಸ್ ಆಮೇಲೆ ಬರಲಿ.