ಮೊಮ್ಮಕ್ಕಳಿಲ್ಲದ ಮರಗಳು

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿಬಂದ ಪಟ್ಟಣಿಗ ಮಿತ್ರರು ಹಕ್ಕಿಗಳನ್ನು ಕೊಂಡಾಡುತ್ತಾರೆ, ಮರಗಳ ಮಾತೆತ್ತುವುದಿಲ್ಲ. ಮಂಡ್ಯದಲ್ಲಿ ಕನ್ನಡ ಪಾಠ ಹೇಳುವ ನಿಮಗೇಕೆ ಮರದ ಚಿಂತೆ ಎಂದು ನನ್ನನ್ನು ಕೇಳುವವರೂ ಉಂಟು. ಚಿಂತೆಗೆ ಕಾರಣವಿದೆ.

ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಇಲ್ಲಿ ಗೂಡು ಕಟ್ಟುವುದು ದಟ್ಟ ಕಾಡಿನಲ್ಲಲ್ಲ. ಊರೊಳಗಿನ, ರೈತರ ಹಿತ್ತಲಿನ ಹುಣಸೆ, ಅತ್ತಿ, ಬಸರಿ, ಅರಳಿಗಳ ಮೇಲೆ. ಗೂಡಿರುವ ಹುಣಸೆಯ ಹಣ್ಣು ಬಡಿಯುವಂತಿಲ್ಲ. ಆ ನಷ್ಟಕ್ಕೆ ಅರಣ್ಯ ಇಲಾಖೆಯಿಂದ ಪರಿಹಾರವೆಂಬ ಪದ್ಧತಿ ಬಂತು. 2007ರಲ್ಲಿ ಸಮುದಾಯ ಮೀಸಲು ಪ್ರದೇಶವೆಂಬ ಘೋಷಣೆಯೂ ಆಯಿತು. ಅಲ್ಲಿಗೆ ಕರ್ತವ್ಯ ತೀರಿತೆನ್ನುವವರೊಡನೆ ನನ್ನ ಜಗಳ. ಇರುವ ಮರಕ್ಕೆ ಸಲ್ಲುವ ಹಣ ನಾಳಿನ ಮರವನ್ನು ಹುಟ್ಟಿಸದು. ಗೂಡು ಹೊರುವಂಥ ಕೊಂಬೆ ಬೆಳೆಯಲು ಒಂದು ತಲೆಮಾರು ಬೇಕು.

ಮಳೆ ಮಾತಿಗೆ ನಿಲ್ಲದ ಕಾಲವಿದು. 2022ರಲ್ಲಿ ಮದ್ದೂರು ಸೀಮೆಯಲ್ಲಿ ಅತಿವೃಷ್ಟಿ. 2023ರಲ್ಲಿ ರಾಜ್ಯದ ಬಹುಪಾಲು ತಾಲ್ಲೂಕುಗಳಲ್ಲಿ ಬರ. ಒಂದೇ ವಯಸ್ಸಿನ, ಒಂದೇ ಜಾತಿಯ ಮರಗಳಾದರೆ ಒಂದೇ ಏಟಿಗೆ ಒರಗುತ್ತವೆ. ಅಜ್ಜ, ಮಗ, ಮೊಮ್ಮಗ ಕೂಡಿದ್ದರೆ ಮಾತ್ರ ಮನೆ ನಿಂತೀತು.

ಪ್ರಕೃತಿಯನ್ನು ಅದರ ಪಾಡಿಗೆ ಬಿಡಿ ಎನ್ನುವ ಮಹನೀಯರಿದ್ದಾರೆ. ಬಿಡೋಣ. ಹಿತ್ತಲಲ್ಲಿ ಮೊಳೆತ ಹುಣಸೆಯನ್ನು ಮೇಕೆ ಬಿಡುತ್ತದೆಯೆ? ಮನೆ ವಿಸ್ತರಿಸುವ ಯಜಮಾನ ಬಿಡುತ್ತಾನೆಯೆ? ಊರಮರ ಮನುಷ್ಯನ ಆರೈಕೆಯಲ್ಲಿ ಬೆಳೆದದ್ದು. ಕೈ ಹಿಂದೆಗೆದರೆ ಅಳಿಯುತ್ತದೆ.

ಇನ್ನು ಸಸಿಗಳ ಲೆಕ್ಕ ಹೇಳುವವರು. 1950ರಲ್ಲಿ ವನಮಹೋತ್ಸವ ಆರಂಭವಾಯಿತು. ನೆಟ್ಟ ದಿನ ಭಾಷಣ ಮಾಡುವವರು ಬಹಳ. ಮೂರನೆಯ ಬೇಸಗೆಗೆ ಎಷ್ಟು ಉಳಿದವೆಂದು ಕೇಳುವವರು ವಿರಳ. ಬೇಗ ಬೆಳೆಯುತ್ತದೆಂದು ನೀಲಗಿರಿ ಹಬ್ಬಿಸಿದೆವು. 2017ರಲ್ಲಿ ಸರ್ಕಾರವೇ ಅದನ್ನು ನೆಡುವುದನ್ನು ನಿಷೇಧಿಸಬೇಕಾಯಿತು.

ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು 2022ರಲ್ಲಿ ತೀರಿಕೊಂಡರು. ಕುರಿ ಕಾಯುತ್ತಲೇ ಬೆಟ್ಟದಲ್ಲಿ ಕಟ್ಟೆಗಳನ್ನು ತೋಡಿದವರು, ಮರ ಬೆಳೆಸಿದವರು. ನೀರು ನಿಲ್ಲದ ಕಡೆ ನೆರಳು ನಿಲ್ಲದೆಂಬುದಕ್ಕೆ ಅವರ ಕೆಲಸವೇ ಸಾಕ್ಷಿ.

ಹಾಗಾದರೆ ಮಾಡತಕ್ಕದ್ದೇನು? ಪ್ರತಿಯೊಂದು ಮುದಿಮರಕ್ಕೂ ಬೇರೆ ಬೇರೆ ಜಾತಿಯ ಎರಡು ಉತ್ತರಾಧಿಕಾರಿಗಳನ್ನು ಈಗಲೇ ನೆಡಬೇಕು. ಎಲ್ಲವನ್ನೂ ಒಂದೇ ವರ್ಷ ನೆಡದೆ, ಐದೈದು ವರ್ಷಕ್ಕೊಂದು ಸರದಿ ಇಡಬೇಕು. ಕೆರೆಯ ಹೂಳು ತೆಗೆಸಬೇಕು. ಸಸಿ ಬದುಕಿದ ಪ್ರತಿ ವರ್ಷಕ್ಕೂ ಹಿತ್ತಲಿನ ಒಡೆಯನಿಗೆ ಹಣ ಸಲ್ಲಬೇಕು.

ಹಣ ಕೊಡಬೇಕಾದವರು ಯಾರು? ನಾವು, ಮದ್ದೂರು ವಡೆ ತಿಂದು, ಹೆಜ್ಜಾರ್ಲೆಯ ಚಿತ್ರ ಹಿಡಿದು, ಸಂಜೆಗೆ ಬೆಂಗಳೂರು, ಮೈಸೂರು ಸೇರುವವರು. ನೋಡುವ ಸುಖ ನಮಗೆ, ಹುಣಸೆಯ ನಷ್ಟ ಅವರಿಗೆ ಎಂಬ ನ್ಯಾಯ ಬಹಳ ದಿನ ನಡೆಯದು.